ಮಾಸ್ತರ ಆಟಕ್ಕ ತಕ್ಕ ಬ್ಯಾಟು

ನಾನು ನಗೋ ಮನುಷ್ಯ ಅಲ್ಲ. ರಾಯಚೂರಿನ್ಯಾಗ ಆಟದ ಸಾಮಾನಿನ ಅಂಗಡಿ ಇಟ್ಟು ಇಪ್ಪತ್ತೆಂಟು ವರ್ಷ ಆತು, ಗಿರಾಕಿ ಬಂದ್ರ ಒಂದೀಟು ನಕ್ಕು ಮಾತಾಡ್ರಿ ಅಂತ ನಮ್ಮ ಮನಿಯಾಕಿ ಅಷ್ಟೂ ವರ್ಷ ಹೇಳಿ ಹೇಳಿ ಸಾಕಾಗ್ಯಾಳ. ಆದ್ರ ನಗೋ ಪ್ರಸಂಗ ಮಾತ್ರ ನನ್ನ ಅಂಗಡಿ ಹುಡುಕ್ಕೊಂಡು ಬರೋದು ಬಿಟ್ಟಿಲ್ಲ. ಅದರಾಗ ಈ ಪಿಕಲ್‌ಬಾಲ್ ಬಂದ ಮ್ಯಾಲಂತೂ ವಾರಕ್ಕೊಂದು ಗ್ಯಾರಂಟಿ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಶಟಲ್ ಕೋರ್ಟಿನಷ್ಟ ಜಾಗ, ಸೊಂಟದ ಮಟ್ಟಕ್ಕ ನೆಟ್ಟು, ತೂತು ತೂತಿನ ಪ್ಲಾಸ್ಟಿಕ್ ಚೆಂಡು, ಕೈಯಾಗ ಒಂದು ಚಪ್ಪಟಿ ಬ್ಯಾಟು. ಓಡೋದು ಕಡಿಮಿ. ಹಂಗಾಗಿ ಐವತ್ತು ದಾಟಿ ಮಣಕಾಲು ಹಿಡಕೊಂಡವರೆಲ್ಲ ಇದಕ್ಕ ಬಂದು ಬಿದ್ದಾರ. ಬ್ಯಾಟಿನ್ಯಾಗ ನಾಕಾರು ನಮೂನಿ ಅದಾವ. ತೂಕದ್ದು ಜೋರು ಹೊಡಿಯೋರಿಗೆ, ಹಗರಂದು ಕೈ ಚುರುಕು ಇದ್ದೋರಿಗೆ, ದಪ್ಪಂದು ಮೆತ್ತಗ ಆಡೋರಿಗೆ, ಅಗಲಂದು ಚೆಂಡು ತಪ್ಪಿಸಿಕೊಳ್ಳೋರಿಗೆ. ಅದಕ್ಕ ಯಾರು ಬಂದ್ರೂ ನಾ ಮೊದಲು ಒಂದ ಮಾತು ಕೇಳ್ತೀನಿ: ನಿಮ್ಮ ಆಟ ಎಂಥಾದ್ದು? ಇಲ್ಲೀತನಕ ಒಬ್ಬರೂ ಖರೆ ಹೇಳಿಲ್ಲ. ಸುಳ್ಳು ಹೇಳ್ತಾರ ಅಂತಲ್ಲ, ಪಾಪ, ಅವರಿಗೂ ಗೊತ್ತಿರಂಗಿಲ್ಲ.

ಇದನ್ನೆಲ್ಲಾ ನೋಡಕೊಂತ ನನ್ನ ಅಂಗಡ್ಯಾಗ ಒಂದು ಸ್ಟೂಲಿನ ಮ್ಯಾಲ ಮಾಸ್ತರು ಕುಂತಿರ್ತಿದ್ರು. ಮಾನ್ವಿಯ ಒಂದು ಹೈಸ್ಕೂಲಿನ್ಯಾಗ ಲೆಕ್ಕ ಕಲಿಸಿ ರಿಟೈರ್ ಆದವರು. ಮನಿ ರಾಯಚೂರಿನ್ಯಾಗ, ದಿನಾ ಬಸ್ಸಿಗೆ ಹೋಗಿ ಬರ್ತಿದ್ರು. ನನಗಿಂತ ಆರು ವರ್ಷ ದೊಡ್ಡವರು. ಶಟಲ್ ಕಾಲದಿಂದ ನಾವಿಬ್ಬರೂ ಡಬಲ್ಸ್ ಜೋಡಿ. ನಾ ಅವರಿಗೆ ನೀವು ಅಂತೀನಿ, ಅವರು ನನಗ ಲೇ ಅಂತಿದ್ರು. ನನಗ ಅವರನ್ನ ಬಿಟ್ರ ಬ್ಯಾರೆ ಗೆಳೆಯರಿಲ್ಲ, ಇದ್ದದ್ದು ಹೇಳಾಕ ನಾಚಿಕಿ ಯಾಕ. ಈ ಪ್ರಸಂಗಗಳೆಲ್ಲಾ ಅವರಿಗೆ ಮರವಿನ ಬ್ಯಾನಿ ಸುರು ಆದ ಮ್ಯಾಲ, ಒಂದು ವರ್ಷದಾಗ ನಡದಂಥವು.

ಹಲ್ಲಿಗೆ ಹಚ್ಚಿ ನೋಡಿದ್ದು

ಮಾನ್ವಿ ಕಡೆ ಒಬ್ಬರು ರೈಸ್ ಮಿಲ್ಲಿನ ಮಾಲಕರು ಅದಾರ. ಮಿಲ್ಲು ನಿಂತು ನಾಕು ವರ್ಷ ಆತು. ಭತ್ತ ಒಣಗಿಸೋ ದೊಡ್ಡ ಸಿಮೆಂಟ್ ಕಣ ಖಾಲಿ ಬಿದ್ದಿತ್ತು, ಅದರ ಮ್ಯಾಲ ಬಿಳಿ ಗೆರಿ ಹೊಡಿಸಿ ಎರಡು ನೆಟ್ ಕಟ್ಟಿಸಿದ್ರು. ನಮ್ಮ ಕಡೆ ಪಿಕಲ್‌ಬಾಲ್ ಹುಟ್ಟಿದ್ದು ಹಿಂಗ. ಕಣದಾಗ ಭತ್ತ ಇಲ್ಲಂದ್ರ ಮನುಷ್ಯಾರನ್ನರ ಒಣಗಿಸೋಣು ಅಂತ ಮಾಡಿದ್ರೇನೋ, ನಮ್ಮ ಬಿಸಲಿಗೆ ಎಂಟು ಗಂಟೆಕ್ಕ ಆಡೋರು ಖರೇನ ಒಣಗ್ತಾರ.

ಅವರು ತಮಗೊಂದು ಬ್ಯಾಟು ಆರಿಸಾಕ ಬಂದ್ರು. ನಿಮ್ಮ ಆಟ ಎಂಥಾದ್ದು ಅಂತ ಕೇಳ್ದೆ. ತಾನು ಗಾದಿ ಬಿಟ್ಟು ಎದ್ದಾಂವ ಅಲ್ಲ, ಬೇಕಾದವರು ತನ್ನ ಕಡೆ ಬಂದಾರ, ಚೆಂಡೂ ಹಂಗ ಬರ್ಲಿ ಅಂದ್ರು. ಅಗಲಂದು ಒಂದು ಕೊಟ್ಟೆ. ಅಂಗೈಯಾಗ ತೂಗಿದ್ರು, ಬೆರಳಿನಿಂದ ಬಡದ್ರು, ಮೂಗಿಗೆ ಹಿಡದ್ರು. ಅಷ್ಟಕ್ಕ ಬಿಟ್ಟಿದ್ರ ಛಲೋ ಇತ್ತು. ಭತ್ತದ ವ್ಯಾಪಾರದಾಗ ಕಾಳು ಹಲ್ಲಾಗಿಟ್ಟು ಕಡದು ನೋಡೋದು ಪದ್ಧತಿ. ಕಟ್ ಅಂದ್ರ ಮಾಲು ಒಣಗೇದ, ಇಲ್ಲಂದ್ರ ಇನ್ನ ತ್ಯಾವ ಅದ ಅಂತ ಲೆಕ್ಕ. ನಲವತ್ತು ವರ್ಷದ ರೂಢಿ, ಕೈ ತಡೀಲಿಲ್ಲ, ಬ್ಯಾಟಿನ ಅಂಚು ಬಾಯಿಗೆ ಇಟ್ಟು ಕಡದೇ ಬಿಟ್ರು.

ಕಟ್ ಅಂತು. ಅಂದದ್ದು ಬ್ಯಾಟಲ್ಲ, ಅವರ ಹಲ್ಲು. ಮಾಸ್ತರು ಸ್ಟೂಲಿನ ಮ್ಯಾಲ ಮಾರಿ ಗ್ವಾಡಿ ಕಡೆ ತಿರುಗಿಸಿಕೊಂಡ್ರು. ಮಾಲಕರು ಹಲ್ಲು ತಗದು ಸಾವಕಾಶ ಅಂಗಿ ಕಿಸೆದಾಗ ಇಟ್ಕೊಂಡ್ರು, ಮಾರಿಮ್ಯಾಲ ಏನೂ ಕಾಣಗೊಡಲಿಲ್ಲ.

"ಮಾಲು ಒಣಗೇದ," ಅಂದ್ರು. "ಕಟ್ಟಿ ಕೊಡ್ರಿ."

ತೊಳದ ಬ್ಯಾಟು

ಗುಡಿ ಸೇವಾದ ಮನೆತನದ ಆಚಾರ್ರು ಒಬ್ಬರು ಬಂದ್ರು. ಮೊದಲು ಕೇಳಿದ್ದು, ಹಿಡಿಕಿಗೆ ಚರ್ಮ ಸುತ್ತ್ಯಾರೇನು ಅಂತ. ಇಲ್ಲ, ರಬ್ಬರು ಅಂದೆ. ತಮ್ಮದು ಭಾಳ ಶಾಂತ ಆಟ ಅಂದ್ರು. ದಪ್ಪಂದು ಕೊಟ್ಟೆ. ಮುಂದ ಕೋರ್ಟಿನ್ಯಾಗ ನೋಡಿದ್ರ, ಆ ಶಾಂತ ಮನುಷ್ಯ ಚೆಂಡನ್ನ ತೆಂಗಿನಕಾಯಿ ಒಡದಂಗ ಹೊಡಿಯಾಕತ್ತಿದ್ರು.

ಎಂಟು ದಿನಕ್ಕ ಹೊಳ್ಳಿ ಬಂದ್ರು. ಬ್ಯಾಟು ಅಲ್ಲಾಡಿಸಿದ್ರ ಒಳಗ ನೀರಿನ ಸಪ್ಪಳ, ಹಿಡಿಕಿ ಕಿತ್ತು ಕೈಯಾಗ ಬರಾಕತ್ತಿತ್ತು. ಹೊಸಾ ವಸ್ತು ಮನಿಯೊಳಗ ತರಬೇಕಾದ್ರ ಅವರ ತಾಯಿ ಬಾಗಲದಾಗ ನಿಂತು ಒಂದು ಕೊಡ ನೀರು ಸುರದ ಒಳಗ ಬಿಡ್ತಾರಂತ. ಬ್ಯಾಟಿಗೆ ಎರಡು ಕೊಡ ಸುರದಾರ, ಯಾಕಂದ್ರ ನಾಕು ಮಂದಿ ಮುಟ್ಟಿದ್ದು. ಆಮ್ಯಾಲ ಮಡಿ ಅರಬಿ ಒಣ ಹಾಕೋ ಗಳಕ್ಕ ಕಟ್ಟಿ, ಮಾಳಿಗಿ ಮ್ಯಾಲ ಮೂರು ದಿನ ಬಿಸಲಿಗೆ ಇಟ್ಟಾರ. ನಮ್ಮ ರಾಯಚೂರಿನ ಬಿಸಲು. ಅಂಟು ಉಳಿದೀತೇ. ಹಂಗಾದ್ರ ಮನ್ಯಾಗ ಟಿವಿ ಹ್ಯಾಂಗ ತಂದ್ರಿ ಅಂತ ಮಾಸ್ತರು ಕೇಳಿದ್ರು. ಅದಕ್ಕ ತುಳಸಿಲೆ ಎರಡು ಹನಿ ಚಿಮುಕಿಸಿದ್ರು, ಅದು ಕೆಟ್ರ ತಾಯಿಯವರ ಧಾರಾವಾಹಿ ತಪ್ತಾವಲ್ಲ ಅಂದ್ರು ಆಚಾರ್ರು.

ಮಾಸ್ತರು ಕಣ್ಣಾಗ ನೀರು ಬರೋ ಹಂಗ ನಕ್ಕರು. ಐದು ನಿಮಿಷ ಆಗಿತ್ತೋ ಇಲ್ಲೋ, ಆಚಾರ್ರ, ಬ್ಯಾಟಿಗೆ ಏನಾತ್ರಿ ಅಂತ ಕೇಳಿದ್ರು. ಚ್ಯಾಷ್ಟಿ ಅಂತ ತಿಳಕೊಂಡು ಆಚಾರ್ರು ಮತ್ತ ಹೇಳಿದ್ರು. ಮಾಸ್ತರು ಮತ್ತ ಅಷ್ಟ ನಕ್ಕರು, ಹೊಸಾದು ಕೇಳಿದಂಗ. ಚಾ ಬಂತು, ಕುಡದ್ರು, ಮೂರನೇ ಸಲ ಕೇಳಿದ್ರು. ಆಚಾರ್ರು ನನ್ನ ಮಾರಿ ನೋಡಿದ್ರು. ನಾ ಖಾಲಿ ಕಪ್ಪು ಎತ್ತಿಡಾಕತ್ತಿದೆ. ಆದ್ರ ಆ ಪುಣ್ಯಾತ್ಮ ಬ್ಯಾಸರ ಮಾಡ್ಕೊಳ್ಳದ ಮೂರನೇ ಸಲಾನೂ ಪೂರಾ ಹೇಳಿ, ಹೋಗುವಾಗ ನನ್ನ ಕಿವ್ಯಾಗ ಅಂದ್ರು:

"ಪುರಾಣ ಹೇಳೋರಿಗೆ ಇಂಥಾ ಶ್ರೋತೃ ಒಬ್ಬರು ಸಿಕ್ರ ಸಾಕ್ರಿ. ಒಂದ ಅಧ್ಯಾಯದಾಗ ಜನ್ಮ ಕಳೀಬಹುದು."

ನಾಕು ಎರಡ್ಲೆ ಎಂಟು

ಆಮ್ಯಾಲ ಡಾಕ್ಟರ್ ಕಡೆ ಹೋಗಿದ್ದಾತು, ತಲೀದು ಫೋಟೋ ತಗಸಿದ್ದಾತು. ಇದು ಕಡಿಮಿ ಆಗೋ ಬ್ಯಾನಿ ಅಲ್ಲ, ನಿಧಾನ ಹೆಚ್ಚಾಗ್ತದ ಅಂದ್ರು. ಮಾಸ್ತರ ಮನಿಯವರಿಗೆ ನಾ ವೈನಿ ಅಂತೀನಿ. ಅವರು ನನ್ನ ಕಡೆ ಬೇಡಿದ್ದು ಒಂದ: ಆಟ ಮಾತ್ರ ಬಿಡಿಸಬ್ಯಾಡ್ರಿ, ಬ್ಯಾಟು ಕೈಯಾಗಿದ್ದಷ್ಟು ಹೊತ್ತು ಅವರು ಮೊದಲಿನಂಗ ಇರ್ತಾರ. ಹೂಂ ಅಂದೆ. ನನಗ ಇದ್ದ ಹೆದರಿಕಿ ಬ್ಯಾರೆ. ಎಲ್ಲಾ ಮರತು ಮರತು, ಒಂದಿನ ನನ್ನನ್ನೂ ಮರೀತಾರಲ್ಲ, ಆವತ್ತು ನಾ ಏನು ಮಾಡ್ಲಿ. ಇದನ್ನ ವೈನಿ ಮುಂದ ಹ್ಯಾಂಗ ಹೇಳೋದು. ಅವರಿಗೂ ಅದ ಹೆದರಿಕಿ ಇದ್ದೇ ಇರ್ತದ.

ಐತವಾರ ಮುಂಜಾನಿ ಮಾನ್ವಿ ಮಿಲ್ಲಿನ ಕಣಕ್ಕ ಕರಕೊಂಡು ಹೋಗ್ತಿದ್ದೆ. ಒಂದಿನ ಎದುರಿಗೆ ನೀರಮಾನ್ವಿಯ ಗೊಬ್ಬರದ ಅಂಗಡಿಯವರು ಮತ್ತ ಅವರ ತಮ್ಮ. ಇಬ್ಬರೂ ಮಾಸ್ತರ ಹಳೇ ವಿದ್ಯಾರ್ಥಿಗಳು, ಇಬ್ಬರ ತಲಿಯೂ ಬೆಳ್ಳಗಾಗ್ಯಾವ. ಈ ಆಟದಾಗ ಸರ್ವ್ ಮಾಡೋರು ಮೂರು ಅಂಕಿ ಕೂಗಬೇಕು: ನಮ್ಮದೆಷ್ಟು, ಅವರದೆಷ್ಟು, ನಮ್ಮ ಜೋಡಿಯೊಳಗ ನಾ ಒಂದನೇದಾಂವೋ ಎರಡನೇದಾಂವೋ. ನಮ್ಮದು ನಾಕು, ಅವರದು ಎಂಟು, ಸರ್ವಿನ್ಯಾಗ ಮಾಸ್ತರು ಎರಡನೇದವರು. ಮಾಸ್ತರು ಚೆಂಡು ಹಿಡಕೊಂಡು ಕೂಗಿದ್ರು:

"ನಾಕು, ಎಂಟು, ಎರಡು."

ಕೂಗಿದ್ರು, ಸರ್ವ್ ಮಾಡಲಿಲ್ಲ. ಏನೋ ತಪ್ಪೇದ ಅನ್ನೋ ಹಂಗ ಹುಬ್ಬು ಗಂಟು ಹಾಕಿದ್ರು. ಆಮ್ಯಾಲ ದನಿ ಏರಿಸಿ, ನಾಕು ಎರಡ್ಲೆ ಎಂಟು ಅಂದ್ರು. ನಾಕು ಮೂರ್ಲೆ ಹನ್ನೆರಡು ಅಂದ್ರು. ಮುಂದ ಹೊಂಟೇ ಬಿಟ್ರು. ಎದುರಿಗೆ ನೋಡಿದ್ರ, ಗೊಬ್ಬರದ ಅಂಗಡಿಯವರು ಬ್ಯಾಟು ಬಗಲಾಗ ಇಟ್ಕೊಂಡು ಕೈಕಟ್ಟಿ ನೆಟ್ಟಗ ನಿಂತಾರ. ಅವರ ತಮ್ಮನೂ ನಿಂತಾನ. ನಾಕು ಆರ್ಲೆ ಹೊತ್ತಿಗೆ ಇಬ್ಬರೂ ಜೋಡಿ ದನಿ ಕೂಡಿಸಿದ್ರು. ಕಟ್ಟಿ ಮ್ಯಾಲ ಕುಂತಿದ್ದ ಮಿಲ್ಲಿನ ಮಾಲಕರೂ ಎದ್ದು ನಿಂತ್ರು, ಅವರು ಸಾಲಿಗೆ ಹೋಗಿದ್ದು ನಾಕನೇ ಇಯತ್ತಾ ತನಕ ಅಷ್ಟ.

ನಾಕು ಹತ್ಲೆ ನಲವತ್ತು ಅಂತ ಮುಗಿಸಿ, ಮಾಸ್ತರು ತಣ್ಣಗ ಸರ್ವ್ ಮಾಡಿದ್ರು. ಅವರಿಬ್ಬರೂ ಇನ್ನ ಕೈಕಟ್ಟಿಕೊಂಡ ನಿಂತಿದ್ರು. ಆವತ್ತು ಸೀದಾ ಸರ್ವಿಗೆ ನಮಗ ಬಂದ ಪಾಯಿಂಟು ಅದೊಂದ.

ದೇವದುರ್ಗದ ಸೋಲು

ದೇವದುರ್ಗದ ಒಂದು ಕಚೇರಿಯ ಗುಮಾಸ್ತ ಬ್ಯಾಟು ಕೇಳಕೊಂತ ಬಂದ. ಅಂವ ಒಬ್ಬಾಂವ ತನ್ನ ಆಟ ಎಂಥಾದ್ದು ಅಂತ ಬರೋಬ್ಬರಿ ತಿಳಕೊಂಡಾಂವ ಅಂತ ಅನ್ಸಿತ್ತು ನನಗ. ತನ್ನ ಆಟ ಅಂದ್ರ ಸಾಹೇಬ್ರ ಮುಂದ ಸೋಲೋದು ಅಂದ. ಆದ್ರ ಸಾಹೇಬ್ರ ಆಟ ಎಷ್ಟು ಕೆಟ್ಟದ್ದು ಅಂದ್ರ, ಮೈಮುರದು ದುಡದ್ರೂ ಸೋಲಾಕ ಆಗವಲ್ದಂತ. ಚೆಂಡು ಹೊರಗ ಹೊಡದ್ರ ಅವರು ಅದನ್ನೂ ಓಡಿ ಹೋಗಿ ನೆಟ್ಟಿಗೆ ಹೊಡೀತಾರಂತ. ಹೋದ ಸಲ ಗೆದ್ದದ್ದಕ್ಕ ಅರಕೇರಾ ಕಡೆ ಹದಿನೈದು ದಿನ ಸರ್ವೇ ಕೆಲಸಕ್ಕ ಹಾಕಿದ್ರು, ಸೋಲೋ ಬ್ಯಾಟು ಇದ್ರ ಕೊಡ್ರಿ ಅಂದ. ಇದ್ದದ್ರಾಗ ತೂಕದ್ದು, ಹಿಡಿಕಿ ದಪ್ಪಂದು, ಕೈಗೆ ಹತ್ತದ್ದು ಹುಡುಕಿ ಕೊಟ್ಟೆ.

ಅದಾಗಿ ತಿಂಗಳೊಪ್ಪತ್ತಿಗೆ, ಒಂದು ಮುಂಜಾನಿ ವೈನಿ ಫೋನ್ ಮಾಡಿದ್ರು. ಮಾಸ್ತರು ಮನ್ಯಾಗಿಲ್ಲ, ಬ್ಯಾಟೂ ಇಲ್ಲ. ಬಸ್ ಸ್ಟ್ಯಾಂಡು, ಗುಡಿ, ಆಟದ ಕೋರ್ಟು ಎಲ್ಲಾ ಹುಡುಕಿದೆ. ಅಂಗಡಿ ಬಾಗಲಾ ತಗೀಲಿಲ್ಲ. ಒಂಬತ್ತಕ್ಕ ಗುಮಾಸ್ತನ ಫೋನ್ ಬಂತು: ಮಾಸ್ತರು ದೇವದುರ್ಗದಾಗ ನಮ್ಮ ಕೋರ್ಟಿನ ಮುಂದ ಕುಂತಾರ, ಜಲ್ದಿ ಬರ್ರಿ ಅಂತ. ಮಾನ್ವಿ ಸಾಲಿಗೆ ಪಾಠ ಹೇಳಾಕ ಹೊಂಟೀನಿ ಅಂತ ಹೋಗಿ ದೇವದುರ್ಗದ ಬಸ್ ಹತ್ಯಾರ. ಇಳದ ಮ್ಯಾಲ, ಕೈಯಾಗಿನ ಬ್ಯಾಟು ನೋಡಿ ಯಾರೋ ಕೋರ್ಟಿಗೆ ಕರಕೊಂಡು ಹೋಗ್ಯಾರ.

ವೈನಿಯನ್ನ ಕರಕೊಂಡು ಬಾಡಿಗಿ ಕಾರಿನ್ಯಾಗ ಓಡಿ ಹೋದೆ. ಮಾಸ್ತರು ಕುರ್ಚಿ ಮ್ಯಾಲ ಆರಾಮ ಕುಂತು ಚಾ ಕುಡಿಯಾಕತ್ತಿದ್ರು. ವೈನಿ ಸೆರಗು ಬಾಯಿಗೆ ಇಟ್ಕೊಂಡು ಅವರ ಪಕ್ಕದಾಗ ಕುಂತುಬಿಟ್ರು. ಗುಮಾಸ್ತ ನನ್ನನ್ನ ಬಾಜೂಕ ಕರದು ನಡದದ್ದು ಹೇಳಿದ. ಮಾಸ್ತರು ಒಂದು ಗೇಮ್ ನೋಡಿ, ಎಲ್ಲಾರ ಮುಂದ ಸಾಹೇಬ್ರನ್ನ ಕರದು, ಈ ಹುಡುಗ ಬೇಕಂತ ಸೋಲಾಕತ್ತಾನ, ಕಾಪಿ ಹೊಡಿಯೋದೂ ಇದೂ ಒಂದ ಅಂದುಬಿಟ್ಟಾರ. ಸಾಹೇಬ್ರು ಮಾರಿ ಕೆಂಪಗ ಮಾಡ್ಕೊಂಡು, ಹಂಗಾದ್ರ ನನ್ನ ಆಟಕ್ಕ ಎಷ್ಟು ಮಾರ್ಕ್ಸ್ ಕೊಡ್ತೀರಿ ಅಂತ ಕೇಳ್ಯಾರ.

"ನೂರಕ್ಕ ಹನ್ನೊಂದು," ಅಂದ್ರಂತ ಮಾಸ್ತರು. "ಅದೂ ಹಾಜರಿ ಛಲೋ ಅದ ಅಂತ ಕೊಟ್ಟೀನಿ."

ಮೊದಲ ಬರದ ಹೆಸರು

ಆವತ್ತು ಹೊಳ್ಳಿ ಬರುವಾಗ ಮಾಸ್ತರು ನನ್ನ ಭುಜಕ್ಕ ತಲಿ ಆನಿಸಿ ಮಲಗಿದ್ರು. ವೈನಿ ದಾರಿ ತುಂಬ ಕಿಡಕಿ ಹೊರಗ ನೋಡಿದ್ರು. ಮರುದಿನದಿಂದ ವೈನಿ ತಾವ ಮಾಸ್ತರನ್ನ ಕರಕೊಂಡು ಬಂದು, ನನ್ನ ಅಂಗಡ್ಯಾಗ ಕುಂದರಿಸಿ, ಕಾಯಿಪಲ್ಯ ತರಾಕ ಹೋಗ್ತಿದ್ರು. ಬ್ಯಾಸಗಿ ಆಗಿ ಕೋರ್ಟೂ ನಿಂತಿತ್ತು. ಅಂಗಡ್ಯಾಗ ಫ್ಯಾನ್ ತಿರಗೋ ಸಪ್ಪಳ ಒಂದ. ಅಷ್ಟು ದಿನ ಬಾಯಿ ಮುಚ್ಚದ ಮನುಷ್ಯ ತಾಸುಗಟ್ಟಲೆ ಸುಮ್ಮನ ಕುಂದರೋದು ನೋಡಾಕ ಆಗ್ತಿರಲಿಲ್ಲ ನನಗ.

ನಡುವ ಒಮ್ಮೆ ಎದ್ದು ಬಂದು, ಲೇ, ನನಗೊಂದು ಬ್ಯಾಟು ಆರಿಸಿ ಕೊಡು ಅಂತಿದ್ರು. ಹಳೇದು ಹೆಂಗೂ ಸವದಿತ್ತು, ನಾ ಒಂದು ಆರಿಸಿ ಕೊಟ್ಟೆ, ಮನಿಗೆ ಒಯ್ದ್ರು. ನಾಕು ದಿನಕ್ಕ ಮತ್ತ ಕೇಳಿದ್ರು. ಮನ್ಯಾಗ ಅದ ಅಂದ್ರ ಸಿಟ್ಟು ಬರ್ತಿತ್ತು, ಕಣ್ಣಾಗ ನೀರೂ ಬರ್ತಿದ್ವು. ಅದಕ್ಕ ನಾನೂ ವೈನೀನೂ ಒಂದು ಉಪಾಯ ಮಾಡಿದ್ವಿ. ವೈನಿ ಕಾಯಿಪಲ್ಯದ ಚೀಲದಾಗ, ಪುಂಡಿಪಲ್ಯದ ಕೆಳಗ ಆ ಬ್ಯಾಟು ಮುಚ್ಚಿ ತರ್ತಿದ್ರು. ನಾ ವರಸಿ ಹೊಸಾ ಪ್ಲಾಸ್ಟಿಕ್ ಹಾಕಿ ಗ್ವಾಡಿಗೆ ತೂಗು ಹಾಕ್ತಿದ್ದೆ. ಮಾಸ್ತರು ಹತ್ತು ಬ್ಯಾಟು ಹಿಡದು ನೋಡಿ, ಕಡೀಕ ಅದನ್ನ ಆರಿಸ್ತಿದ್ರು. ಕೈಗೆ ಗುರ್ತು ಇತ್ತು ಅಂತ ಕಾಣಸ್ತದ.

ಮೂರನೇ ಸಲ ಮೋಸ ಆತು. ಸಾಲ್ಯಾಗ ಫೂಟ್‌ಪಟ್ಟಿ ಮ್ಯಾಲ, ಡಸ್ಟರ್ ಮ್ಯಾಲ ಹೆಸರು ಬರಿಯೋ ಚಟ ಅವರಿಗೆ. ಮನ್ಯಾಗ ಯಾವಾಗೋ ಹಿಡಿಕಿ ಬುಡಕ್ಕ ಸಣ್ಣ ಅಕ್ಷರದಾಗ ತಮ್ಮ ಹೆಸರು ಬರದಿದ್ರು, ನಾನೂ ನೋಡಿರಲಿಲ್ಲ, ವೈನೀನೂ ನೋಡಿರಲಿಲ್ಲ. ಮಾಸ್ತರು ಚಶ್ಮಾ ಏರಿಸಿ ಓದಿದ್ರು. ಓದಿ ನನ್ನ ಮಾರಿ ನೋಡಿದ್ರು. ಸಿಕ್ಕಿಬಿದ್ವಿ ಅಂತ ನಾನೂ ವೈನೀನೂ ನೆಲ ನೋಡಕೊಂತ ನಿಂತ್ವಿ.

"ಏನ್ಲೇ, ನಾ ಬರೋಕಿಂತ ಮೊದಲ ನನ್ನ ಹೆಸರು ಬರದಿಟ್ಟೀಯಲ್ಲ," ಅಂದ್ರು. "ನಾ ತಗೊಂಡೇ ತಗೊಂತೀನಿ ಅಂತ ಅಷ್ಟು ಸೊಕ್ಕೇನು ನಿನಗ?"

ನಾಕನೇ ಸಲ

ಇದು ಹೋದ ತಿಂಗಳದ ಮಾತು. ಮಾಸ್ತರಿಗೆ ಜ್ವರ ಬಂದು ಹದಿನೈದು ದಿನ ಮಲಗಿದ್ರು. ಎದ್ದ ಮ್ಯಾಲ ಮೊದಲಿನಂಗ ಉಳದಿಲ್ಲ ಅಂತ ವೈನಿ ಫೋನಿನ್ಯಾಗ ಹೇಳಿದ್ರು. ಹೋಗಿ ನೋಡಬೇಕಿತ್ತು, ಹೋಗಲಿಲ್ಲ. ಹೆದರಿದ್ದೆ, ಮತ್ತೇನಿಲ್ಲ.

ಒಂದಿನ ಹನ್ನೊಂದರ ಸುಮಾರಿಗೆ ವೈನಿ ಅವರ ಕೈ ಹಿಡಕೊಂಡು ಅಂಗಡಿ ಮೆಟ್ಟಲಾ ಹತ್ತಿಸಿದ್ರು. ಮಾಸ್ತರು ಸೊರಗಿದ್ರು. ಬಾಗಲದಾಗ ನಿಂತು ಎರಡೂ ಕೈ ಜೋಡಿಸಿದ್ರು.

"ನಮಸ್ಕಾರ್ರಿ ಸಾವ್ಕಾರ್ರ. ನನಗೊಂದು ಬ್ಯಾಟು ಬೇಕಾಗಿತ್ರಿ."

ಮೂವತ್ತು ವರ್ಷ ಲೇ ಅಂದ ಬಾಯಿ. ವೈನಿ ಮಾರಿ ಆ ಕಡೆ ತಿರುಗಿಸಿದ್ರು. ಅಳಬೇಕೋ, ಮಾಸ್ತರ ನಾನ್ರೀ ಅಂತ ಕೈ ಹಿಡಿಬೇಕೋ ನನಗ ತಿಳೀಲಿಲ್ಲ. ಅಂಗಡಿಯಾಂವಗ ಬಾಯಿಗೆ ಬರೋದು ಒಂದ ಮಾತು, ಅದ ಬಂತು. ಬರ್ರಿ, ಕುಂದರ್ರಿ, ನಿಮ್ಮ ಆಟ ಎಂಥಾದ್ರಿ ಅಂದೆ.

ಮಾಸ್ತರು ತಮ್ಮ ಸ್ಟೂಲಿನ ಮ್ಯಾಲ ಕುಂತ್ರು.

"ನಂದು ಬಿಡ್ರಿ, ನಂದು ನಡೀತದ," ಅಂದ್ರು. "ತ್ರಾಸು ಇರೋದು ನನ್ನ ಜೋಡಿ ಆಡೋ ಒಬ್ಬಾಂವ ಅದಾನ್ರಿ, ಅವಂದು. ನಿಂತ ಜಾಗ ಬಿಟ್ಟು ಅಲ್ಲಾಡಂಗಿಲ್ಲ. ಚೆಂಡು ನಂದು ನಂದು ಅಂತ ಒದರ್ತಾನ, ಹತ್ರ ಬಂದ್ರ ಬಿಡ್ತಾನ. ಅವನ ಪಾಲಿಂದೂ ನಾನ ಓಡಿ ಹೊಡೀಬೇಕು. ಅದಕ್ಕ ತಕ್ಕಂಥಾದ್ದು ಒಂದು ಕೊಡ್ರಿ."

ವೈನಿ ಹೊಳ್ಳಿ ನನ್ನ ನೋಡಿದ್ರು. ಕಣ್ಣಾಗ ನೀರಿತ್ತು, ತುಟಿ ಬಿಗಿ ಹಿಡದು ನಗು ತಡಕೊಂಡಿದ್ರು. ನಾ ಎದ್ದು, ಹಗರಂದು, ಅಗಲಂದು ಒಂದು ತಗದು ಅವರ ಕೈಯಾಗ ಇಟ್ಟೆ. ಇಬ್ಬರ ಪಾಲಿನ ಚೆಂಡು ಹೊಡಿಯೋರಿಗೆ ಇದ ಬೇಷ್ ಅಂದೆ. ಆಮ್ಯಾಲ ಧೈರ್ಯ ಮಾಡಿ, ಇಷ್ಟು ವರ್ಷ ಅಂಥಾವನ್ನ ಯಾಕ ಇಟ್ಕೊಂಡ್ರಿ, ಬ್ಯಾರೆ ಜೋಡಿ ಸಿಗಲಿಲ್ಲೇನು ಅಂತ ಕೇಳ್ದೆ.

"ನನಗ ಭಾಳ ಮಂದಿ ಸಿಗ್ತಿದ್ರಿ," ಅಂದ್ರು ಮಾಸ್ತರು. "ನಾ ಬಿಟ್ರ ಅವನ ಜೋಡಿ ಯಾರಾಡ್ತಾರ್ರಿ?"

ಬ್ಯಾಟು ಬಗಲಾಗ ಇಟ್ಕೊಂಡು, ವೈನಿ ಕೈ ಹಿಡದು ಮೆಟ್ಟಲಾ ತನಕ ಹೋದವರು, ಏನೋ ನೆನಪಾದಂಗ ಹೊಳ್ಳಿ ಬಂದ್ರು. ನನ್ನ ಕಿವಿ ಹತ್ರ ಬಗ್ಗಿ ಸಣ್ಣ ದನೀಲೆ ಹೇಳಿದ್ರು:

"ಇದನ್ನೆಲ್ಲಾ ಅವನ ಮುಂದ ಆಡಬ್ಯಾಡ್ರಿ ಮತ್ತ. ಪಾಪ, ತಾನ ಭಾಳ ಛಲೋ ಆಡ್ತೀನಿ ಅಂತ ತಿಳಕೊಂಡಾನ."

ಆಡಂಗಿಲ್ರಿ ಅಂದೆ.